ಹೂವಿನ ಮಡಿ, ನಲ್ಲಿಗಳಿಲ್ಲದೆ ಬಂದ ನಲವತ್ತೊಂದು ಚಪ್ಪಡಿಗಳು

ಕಲ್ಲಿನ ಮಳಿಗೆಯ ಹಿಂದಿನ ಶೆಡ್ಡಿನಲ್ಲಿ ಉಳಿಕೆ ಚಪ್ಪಡಿಗಳ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ತಮ್ಮ ಸನ್ನಿಧಿಗೆ ಸವಿನಯ ವಂದನೆಗಳು. "ಎಲ್ಲಾ ಒಂದೇ ಅಳತೆ, ಕಣ್ಣು ಮುಚ್ಕೊಂಡು ತಗೊಂಡ್ಹೋಗಿ" ಎಂಬ ತಮ್ಮ ಮಾತನ್ನು ಚಾಚೂತಪ್ಪದೆ ಪಾಲಿಸಿ ನಲವತ್ತೊಂದು ಚಪ್ಪಡಿಗಳನ್ನು ಮನೆಗೆ ತಂದ ಸೊಸೆ ನಾನು. ಅಡುಗೆಮನೆಯ ಹಿಂದಿನ ಎಂಟಡಿ ಹತ್ತಡಿ ಜಾಗಕ್ಕೆ ಕಲ್ಲು ಹಾಸಿಸಿದರೆ, ಸೊಂಟದ ಮೂಳೆ ಮುರಿದುಕೊಂಡ ಮೇಲೆ ಎಂಟು ತಿಂಗಳಿಂದ ಕೋಣೆ ಬಿಟ್ಟು ಕದಲದ ನಮ್ಮ ಮಾವನವರು ಹೊರಗೆ ಬಂದು ನಾಲ್ಕು ಹೆಜ್ಜೆ ಹಾಕಿಯಾರು ಎಂಬುದು ನನ್ನ ಆಸೆಯಾಗಿತ್ತು. ಡಾಕ್ಟರು ಹೇಳಿದರೂ, ಮಗ ಗದರಿದರೂ, ಯಾರು ಜಪ್ಪಯ್ಯ ಎಂದರೂ ಅವರು ಏಳುತ್ತಿರಲಿಲ್ಲ.

ಮೇಸ್ತ್ರಿ ಕಲ್ಲುಗಳನ್ನು ಇಳಿಸಿದಾಗ ತಮ್ಮ ಔದಾರ್ಯ ಬೆಳಕಿಗೆ ಬಂತು. ಒಂದು ಬೆರಳು ದಪ್ಪದವೂ ಇದ್ದವು, ಮೂರು ಬೆರಳು ದಪ್ಪದವೂ ಇದ್ದವು. ಆರು ಕಲ್ಲುಗಳ ಅಂಚು ಯಾರದೋ ಹೂವಿನ ಮಡಿಯನ್ನು ಬಳಸಿ ಹೋಗುವಂತೆ ಬಾಗಿತ್ತು. ಇನ್ನೊಂದರ ನಟ್ಟನಡುವೆ ಯಾರದೋ ನಲ್ಲಿಯ ಕೊಳವೆಗೆ ಕೊರೆದ ತೂತಿತ್ತು. ಯಾರಿಗೋ ಕತ್ತರಿಸಿದ ಅಂಗಳವನ್ನು ನಮಗೆ ದಯಪಾಲಿಸಿದ ತಾವು ಆ ಹೂವಿನ ಮಡಿಯನ್ನೂ, ನಲ್ಲಿಯನ್ನೂ, ಅನುಕೂಲವಾದರೆ ಆ ಮನೆಯನ್ನೂ ಮುಂದಿನ ಲಾರಿಯಲ್ಲಿ ಕಳುಹಿಸಿಕೊಡಬೇಕಾಗಿ ವಿನಂತಿ.

ಮೇಸ್ತ್ರಿ ಆ ತೂತಿಗೆ ಸಿಮೆಂಟು ಮೆತ್ತಲು ಹೊರಟದ್ದನ್ನು ಮಾವನವರು ಕಿಟಕಿಯಿಂದ ಕಂಡರು. ನಲವತ್ತು ವರ್ಷ ದರ್ಜಿಯಾಗಿದ್ದವರು, ಉಳಿದ ತುಂಡುಬಟ್ಟೆಯಲ್ಲೇ ನಾಲ್ಕು ಮಕ್ಕಳಿಗೆ ಅಂಗಿ ಹೊಲಿದವರು. "ಹಾಗಲ್ಲಯ್ಯಾ, ಮೊದ್ಲು ಎಲ್ಲಾ ಹರಡಿ ನೋಡು" ಎಂದು ಒಳಗಿನಿಂದಲೇ ಕೂಗಿ ಸಾಕಾಗಿ, ವಾಕರ್ ಹಿಡಿದು ಹೊರಗೆ ಬಂದೇಬಿಟ್ಟರು. ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಅಳು ಬಂತು.

ಅಂದಿನಿಂದ ಕಾಗದದಲ್ಲಿ ಮಾದರಿ ಕತ್ತರಿಸಿ, ಕಲ್ಲುಗಳನ್ನು ಮೂರು ಸಲ ಹಾಸಿಸಿ ಮೂರು ಸಲ ಕೀಳಿಸಿದ್ದಾರೆ. ತೂತಿನ ಕಲ್ಲನ್ನು ನೀರು ಇಳಿದುಹೋಗುವ ಮೂಲೆಗೆ ಕೂರಿಸಿದ್ದಾರೆ. ಮೇಸ್ತ್ರಿ ಎರಡು ಸಲ ಸಿಟ್ಟು ಮಾಡಿಕೊಂಡು ಹೋಗಿ, ಕೊನೆಗೆ ಶಿಷ್ಯನಾಗಿ ಮರಳಿದ್ದಾನೆ. ತಾವು ನಿಜಕ್ಕೂ ಒಂದೇ ಅಳತೆಯ ಕಲ್ಲು ಕೊಟ್ಟಿದ್ದರೆ ಕೆಲಸ ಎರಡೇ ದಿನದಲ್ಲಿ ಮುಗಿದು, ಅವರು ಕೋಣೆಯಲ್ಲೇ ಉಳಿಯುತ್ತಿದ್ದರು. ತಮ್ಮನ್ನು ಬೈಯಬೇಕೋ, ತಮಗೆ ಕೈಮುಗಿಯಬೇಕೋ ತೋಚದೆ ಎರಡನ್ನೂ ಈ ಒಂದೇ ಪತ್ರದಲ್ಲಿ ಮುಗಿಸಿದ್ದೇನೆ.

ತಮ್ಮ ಮಾತನ್ನು ಇನ್ನೊಮ್ಮೆ ನಂಬದ, ಆದರೂ
ತಮ್ಮ ವಿಶ್ವಾಸಿ,
ದರ್ಜಿಯವರ ಕಿರಿಯ ಸೊಸೆ

ತಾ.ಕ.: ಇನ್ನೂ ಎರಡು ಚಪ್ಪಡಿ ಕಡಿಮೆ ಬಿದ್ದಿವೆ. ಸೋಮವಾರ ಬೆಳಿಗ್ಗೆ ಮಾವನವರೇ ತಮ್ಮ ಶೆಡ್ಡಿಗೆ ಬಂದು, ಒಂದೊಂದನ್ನೂ ತಿರುವಿ ನೋಡಿ ಆರಿಸಿಕೊಳ್ಳುತ್ತಾರಂತೆ. ಅವರಿಗೆ ಕುರ್ಚಿ ಹಾಕಿಸುವ ತೊಂದರೆ ತೆಗೆದುಕೊಳ್ಳಬೇಡಿ, ಈಗ ಅವರು ಕೂರುವುದಿಲ್ಲ. ತಮಗೊಂದು ಹಾಕಿಸಿಕೊಂಡಿರಿ.