ಪಂಪಿಗೊಂದು ಪೆಟ್ಟು

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳ ಮನೆಯ ಕರೆಗಂಟೆಗೆ ಹೊತ್ತುಗೊತ್ತು ಎಂಬುದೇ ಇರಲಿಲ್ಲ. ತುತ್ತು ಬಾಯಿಗೆ ಹೋಗುವ ಹೊತ್ತಿಗೇ ಅದು ಬಡಿದುಕೊಳ್ಳುತ್ತಿತ್ತು. ಲಿಫ್ಟ್ ನಡುದಾರಿಯಲ್ಲಿ ನಿಂತರೂ ಅವರೇ ಬೇಕು, ಯಾರದೋ ನಾಯಿ ಮೆಟ್ಟಿಲ ಮೇಲೆ ಮಾಡಬಾರದ್ದು ಮಾಡಿದರೂ ಅವರೇ ಬೇಕು. ಸಂಬಳವಿಲ್ಲ, ರಜೆಯಿಲ್ಲ. (ನಿವೃತ್ತರಾದವರಿಗೆ ರಜೆ ಯಾಕೆ ಎಂಬುದು ನೆರೆಹೊರೆಯವರ ವಾದ.) ವರ್ಷಕ್ಕೊಮ್ಮೆ ಸಭೆಯಲ್ಲಿ ಒಂದು ಚಪ್ಪಾಳೆ. ಅದೂ ಸದ್ಯ ಸಭೆ ಮುಗಿಯಿತಲ್ಲ ಎಂಬ ಸಂತೋಷಕ್ಕೆ.

ಆ ಕಟ್ಟಡದಲ್ಲಿ ಮನೆಗಳು ಅವರವರವು. ಮೆಟ್ಟಿಲು, ತಾರಸಿ, ಲಿಫ್ಟ್, ನೀರಿನ ಪಂಪು ಮಾತ್ರ ಎಲ್ಲರವು. ಎಲ್ಲರದು ಎಂದರೆ ಯಾರದೂ ಅಲ್ಲ, ಯಾರದೂ ಅಲ್ಲ ಎಂದರೆ ಕಾರ್ಯದರ್ಶಿಗಳದು. ಅದರಲ್ಲೂ ಪಂಪು ಅವರ ಪ್ರಾಣ. ಅಂಗಳದ ಮೂಲೆಯಲ್ಲಿದ್ದ ಆ ಹಳೇ ಪಂಪು ಸ್ವಿಚ್ ಹಾಕಿದರೆ ಬರೀ ನರಳುತ್ತಿತ್ತು. ಕಾರ್ಯದರ್ಶಿಗಳು ಬಲಗಾಲಿನ ಚಪ್ಪಲಿ ಕಳಚಿ ಅದರ ಪಕ್ಕೆಗೆ ಒಂದು ಬಾರಿಸಿದರೆ ಮಾತ್ರ ನೀರು ಮೇಲೇರುತ್ತಿತ್ತು. ಮೇಲಿನ ಮನೆಯ ಹಲ್ಲಿನ ಡಾಕ್ಟರಮ್ಮ ಸುತ್ತಿಗೆಯಲ್ಲಿ ತಟ್ಟಿ ನೋಡಿದ್ದರು, ವಾಚ್‌ಮನ್ ಒದ್ದೂ ನೋಡಿದ್ದ. ಪಂಪು ಯಾರಿಗೂ ಸೊಪ್ಪು ಹಾಕಲಿಲ್ಲ. "ಅದಕ್ಕೆ ನನ್ನ ಕೈಗುಣವೇ ಬೇಕು," ಎನ್ನುತ್ತಿದ್ದರು ಕಾರ್ಯದರ್ಶಿಗಳು, ಚಪ್ಪಲಿ ಮೆಟ್ಟಿಕೊಳ್ಳುತ್ತಾ.

ಒಂದು ದಿನ ಹೀಗೆಯೇ ಪಂಪಿಗೆ ಬಾರಿಸಿ ಬರುವಷ್ಟರಲ್ಲಿ ತಟ್ಟೆಯಲ್ಲಿದ್ದುದೆಲ್ಲ ತಣ್ಣಗಾಗಿತ್ತು. ಹೆಂಡತಿಯ ತಲೆ ಮಾತ್ರ ಬಿಸಿಯಾಗಿತ್ತು.

"ಏನ್ರೀ, ಊರ ಉಸಾಬರಿ ಎಲ್ಲಾ ನಿಮಗೇ ಯಾಕೆ? ಬೇರೆ ಕಡೆ ದುಡ್ಡು ಕೊಟ್ಟು ಮ್ಯಾನೇಜರ್ ಇಟ್ಕೊಂಡಿದ್ದಾರಂತೆ. ಕಟ್ಟಡ ನೋಡ್ಕೊಳ್ಳೋದೇ ಅವರ ಕೆಲಸವಂತೆ."

"ಬಾಡಿಗೆ ಮ್ಯಾನೇಜರ್ ಬಂದ್ರೆ ಈ ಕಟ್ಟಡ ನಿಲ್ಲುತ್ತಾ?"

"ಇಷ್ಟು ದಿನ ನೀವೇನು ಹೆಗಲ ಮೇಲೆ ಹೊತ್ಕೊಂಡಿದ್ರಾ?"

ಆ ಮಾತು ಚುಚ್ಚಿತು. ಚುಚ್ಚಿದ ಜಾಗದಲ್ಲೇ ಒಂದು ದಿವ್ಯ ಯೋಚನೆಯೂ ಮೊಳೆಯಿತು. ಬರಲಿ ಮ್ಯಾನೇಜರ್. ಬಂದು ಮುಗ್ಗರಿಸಲಿ. ಆಗ ಈ ಜನವೆಲ್ಲ ಬಾಗಿಲಲ್ಲಿ ಸಾಲುಗಟ್ಟಿ "ನೀವೇ ಗತಿ" ಎನ್ನದಿದ್ದರೆ ಕೇಳಿ. ಮುಂದಿನ ಸಭೆಯಲ್ಲಿ ಅವರೇ ಎದ್ದು ನಿಂತು ಸೂಚಿಸಿದರು. ಒಬ್ಬರಾದರೂ "ಛೇ, ನೀವಿರುವಾಗ ಮ್ಯಾನೇಜರ್ ಯಾಕೆ" ಎನ್ನುತ್ತಾರೆಂದು ಸುತ್ತ ನೋಡಿದರು. ಎಲ್ಲರೂ ಕೈ ಎತ್ತಿದ್ದರು, ಕೆಲವರು ಎರಡೂ ಕೈ.

ಮ್ಯಾನೇಜರ್ ಬಂದ. ಇಸ್ತ್ರಿ ಮುರಿಯದ ಅಂಗಿ, ಅಷ್ಟೇ ನಯವಾದ ಮಾತು. "ಸರ್, ಇನ್ನು ನೀವು ಆರಾಮಾಗಿರಿ," ಎಂದ. ಲಿಫ್ಟ್ ನಿಲ್ಲಬೇಕಾದಲ್ಲಿ ಮಾತ್ರ ನಿಲ್ಲತೊಡಗಿತು. ಮೆಟ್ಟಿಲು ಮುಖ ಕಾಣುವಂತೆ ಹೊಳೆಯಿತು. ಹಳೇ ಪಂಪು ಗುಜರಿಯವನ ಗಾಡಿ ಏರಿತು, ಅದರ ಜಾಗಕ್ಕೆ ಹೊಸದು ಬಂತು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಕಾರ್ಯದರ್ಶಿಗಳು ಬಾಲ್ಕನಿಯಲ್ಲಿ ನಿಂತೇ ಇದ್ದರು. ಹೊಸ ಪಂಪು ಒಂದು ಗುಂಡಿ ಒತ್ತಿದರೆ ಸಾಕು, ಯಾರ ಕೈಗುಣವನ್ನೂ ಕೇಳುತ್ತಿರಲಿಲ್ಲ.

ಕರೆಗಂಟೆ ಮೌನವ್ರತ ಹಿಡಿಯಿತು. ಒಂದು ಬೆಳಿಗ್ಗೆ ಅದು ಹೊಡೆದುಕೊಂಡಾಗ ಹೆಂಡತಿ ಓಡಿಬಂದು ಬಾಗಿಲು ತೆಗೆದರು. ಹೊರಗೆ ನಿಂತಿದ್ದವರು ಕಾರ್ಯದರ್ಶಿಗಳೇ.

"ಕೆಟ್ಟಿದ್ಯೇನೋ ಅಂತ ನೋಡ್ದೆ," ಎಂದರು.

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಕಟ್ಟಡ ಕೈತಪ್ಪಿದ ಕಾರ್ಯದರ್ಶಿಗಳು ಅಡುಗೆಮನೆಯ ಆಡಳಿತ ಕೈಗೆತ್ತಿಕೊಂಡರು. ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಉಪ್ಪು ಮತ್ತು ಸಕ್ಕರೆ ಒಂದೇ ಎತ್ತರದವಾದ್ದರಿಂದ ಅಂದಿನ ಚಹಾ ಯಾರ ಗಂಟಲಲ್ಲೂ ಇಳಿಯಲಿಲ್ಲ. ಒಲೆಯ ಪಕ್ಕ ನಿಂತು ಗ್ಯಾಸ್ ಉಳಿತಾಯದ ಕುರಿತು ಉಪನ್ಯಾಸ ಕೊಟ್ಟರು.

"ನೋಡೇ, ಹಾಲು ಉಕ್ಕೋದು ಯಾಕೆ ಗೊತ್ತಾ? ಮೇಲ್ವಿಚಾರಣೆ ಸಾಲದೆ."

"ಸ್ವಲ್ಪ ಪಕ್ಕಕ್ಕೆ ಸರೀತೀರಾ? ನಿಮ್ಮ ಹಿಂದೆ ಉಕ್ತಾ ಇದೆ."

ಆ ಸಂಜೆ ಹೆಂಡತಿ ಬಾಲ್ಕನಿಗೆ ಹೋಗಿ ಫೋನಿನಲ್ಲಿ ಯಾರೊಂದಿಗೋ ಬಹಳ ಹೊತ್ತು ಮಾತಾಡಿದರು. ತಂಗಿಯೊಂದಿಗೆ ಇರಬೇಕು ಎಂದುಕೊಂಡರು ಕಾರ್ಯದರ್ಶಿಗಳು.

ಮರುದಿನ, ಅವರು ಸೌಟುಗಳ ಸಮೀಕ್ಷೆ ಶುರು ಮಾಡಿದ್ದೇ ತಡ, ಗಂಟೆ ಹೊಡೆಯಿತು. ಮ್ಯಾನೇಜರ್ ತಲೆ ತಗ್ಗಿಸಿ ನಿಂತಿದ್ದ.

"ಸರ್, ಹೊಸ ಪಂಪು ಏನು ಮಾಡಿದ್ರೂ ಏಳ್ತಿಲ್ಲ. ನಿಮ್ಮ ಕೈಗುಣ ದೊಡ್ಡದು ಅಂತಾರೆ."

ಕಾರ್ಯದರ್ಶಿಗಳು ಮೆಟ್ಟಿಲಿಳಿದ ವೇಗ ನೋಡಿದರೆ ಲಿಫ್ಟಿಗೂ ನಾಚಿಕೆಯಾಗಬೇಕು. ಚಪ್ಪಲಿ ಕಳಚಿದರು, ಬಾರಿಸಿದರು. ಪಂಪು ಗುಂಯ್ ಎಂದಿತು. ಅವರ ಕಣ್ಣಲ್ಲಿ ನೀರು ಬಂತು, ತೊಟ್ಟಿಗೆ ಬರುವ ಮುಂಚೆಯೇ.

ಅಂದಿನಿಂದ ದಿನಾ ಅಡುಗೆ ಶುರುವಾಗುವ ಹೊತ್ತಿಗೆ ಸರಿಯಾಗಿ ಪಂಪು ಕೆಡತೊಡಗಿತು. ಕಾರ್ಯದರ್ಶಿಗಳ ನಡಿಗೆಗೆ ಹಳೇ ಠೀವಿ ಬಂತು. "ಮ್ಯಾನೇಜರ್ ಓದಿಕೊಂಡಿದ್ದಾನೆ, ಇಲ್ಲ ಅನ್ನಲ್ಲ. ಆದರೆ ಪಂಪಿಗೆ ಓದು ಅರ್ಥವಾಗಲ್ಲ," ಎಂದು ಕಂಡವರಿಗೆಲ್ಲ ಹೇಳಿದರು. "ನೀವಿರೋದಕ್ಕೇ ನಮಗೆ ಗುಟುಕು ನೀರು," ಎನ್ನುತ್ತಿದ್ದರು ಹೆಂಡತಿ, ತರಕಾರಿಯಿಂದ ಕಣ್ಣೆತ್ತದೆ.

ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು. ಮ್ಯಾನೇಜರನ್ನು ಮನೆಗೆ ಕಳಿಸಿ ಅಧಿಕಾರ ಮರಳಿ ಪಡೆಯಬೇಕೆಂದು ಒಂದು ಭಾನುವಾರ ಎಲ್ಲ ಮಾಲೀಕರನ್ನೂ ಪಂಪಿನ ಮುಂದೆ ಸೇರಿಸಿದರು.

"ಬಂಧುಗಳೇ, ಒಂದು ಹೊಸ ಪಂಪನ್ನೂ ಎಬ್ಬಿಸಲಾರದವನಿಗೆ ನಾವು ದುಡ್ಡು ಕೊಡ್ತಿದ್ದೀವಿ. ಈಗ ನೋಡಿ," ಎಂದು ಚಪ್ಪಲಿ ಎತ್ತಿ ಬಾರಿಸಿದರು.

ಪಂಪು ಉಸಿರೆತ್ತಲಿಲ್ಲ.

ಇನ್ನೊಂದು ಬಾರಿಸಿದರು. ಇಲ್ಲ. ಎಡಗಾಲಿನದನ್ನೂ ಕಳಚಿ ಬಾರಿಸಿದರು. ಮ್ಯಾನೇಜರ್ ಆಕಾಶ ನೋಡುತ್ತಿದ್ದ. ವಾಚ್‌ಮನ್ ಗುಂಪಿನ ಮುಂದೆಯೇ ನಿಂತು ಬಾಯಿ ತೆರೆದುಕೊಂಡು ಭಾಷಣ ಕೇಳುತ್ತಿದ್ದ. ಆಗ ಮೇಲಿನ ಬಾಲ್ಕನಿಯಿಂದ ಹೆಂಡತಿಯ ಧ್ವನಿ ಅಂಗಳಕ್ಕೆಲ್ಲ ಕೇಳಿಸಿತು.

"ಏನಪ್ಪಾ ವಾಚ್‌ಮನ್, ನೀನು ಅಲ್ಲೇ ನಿಂತ್ರೆ ಹೇಗೆ? ಯಜಮಾನ್ರು ಹೊಡೆದಾಯ್ತು, ಹೋಗಿ ಸ್ವಿಚ್ ಹಾಕು."

ವಾಚ್‌ಮನ್ ನಾಲಿಗೆ ಕಚ್ಚಿಕೊಂಡು ಗೋಡೆಯ ಹಿಂದಿನ ತನ್ನ ಕೋಣೆಗೆ ಓಡಿದ. ಪಂಪು ಗುಂಯ್ ಎಂದಿತು. ಡಾಕ್ಟರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾರ್ಯದರ್ಶಿಗಳು ಎರಡೂ ಚಪ್ಪಲಿ ಕೈಯಲ್ಲೇ ಹಿಡಿದು ಮೆಟ್ಟಿಲೇರಿದರು.

"ಎಷ್ಟು ದಿನದಿಂದ ನಡೀತಿದೆ ಈ ನಾಟಕ?"

"ನೀವು ಡಬ್ಬಿ ಜೋಡಿಸಿದ್ರಲ್ಲ, ಆವತ್ತಿಂದ. ಮ್ಯಾನೇಜರ್ ಹತ್ರ ದೂರು ಕೊಟ್ಟೆ. ಕಟ್ಟಡದೊಳಗಿನ ತೊಂದರೆ ಏನಿದ್ರೂ ಅವರೇ ನೋಡ್ಕೋಬೇಕಲ್ವಾ? ಪಾಪ, ಒಂದೇ ದಿನದಲ್ಲಿ ಸರಿ ಮಾಡಿಕೊಟ್ರು."

ಕಾರ್ಯದರ್ಶಿಗಳು ಕುರ್ಚಿಯಲ್ಲಿ ಕೂತು ಕರೆಗಂಟೆಯತ್ತ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ನಾಳೆ ಎಷ್ಟು ಹೊತ್ತಿಗೆ ಕೆಡುತ್ತೆ?"

"ನೀವು ಅಡುಗೆಮನೆಗೆ ಕಾಲಿಟ್ಟ ಹೊತ್ತಿಗೆ."

ಅವರು ಎದ್ದುಹೋಗಿ ಬಲಗಾಲಿನ ಚಪ್ಪಲಿಯನ್ನು ಬಾಗಿಲ ಪಕ್ಕ, ಥಟ್ಟನೆ ಕೈಗೆ ಸಿಗುವಂತೆ ಇಟ್ಟು ಬಂದರು.