ಖೋ ಅಂದರೂ ಏಳದ ಅಪ್ಪ

ಮನೆಯಲ್ಲಿ ಇರುವುದು ಮೂರೇ ಜನ, ಆ ಮೂವರೂ ಮೂರು ಪಕ್ಷವಾದರೆ ಸಂಸಾರ ಹೇಗೆ ನಡೆಯುತ್ತದೆ ಅನ್ನುವುದನ್ನು ಹಿಟ್ಟಿನ ಗಿರಣಿ ನಡೆಸುವ ನನ್ನನ್ನು ಕೇಳಬೇಕು. ಜಗಳಕ್ಕೆ ಕಾರಣ ನಮ್ಮೂರ ಕನ್ನಡ ಸಾಲಿ. ಅಲ್ಲಿಗೆ ಹೊಸದಾಗಿ ಬಂದ ಮುಮತಾಜ್ ಟೀಚರ್, ಸಾಲಿ ಬಿಟ್ಟ ಮೇಲೆ ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರಬಾರದೆಂದು ಸಂಜೆ ಒಂದು ತಾಸು ಸಂಗೀತ, ಡ್ಯಾನ್ಸ್, ಖೋ-ಖೋ ಅಂತ ಮೂರು ಕ್ಲಬ್ ಶುರು ಮಾಡಿದರು. ಒಬ್ಬರಿಗೆ ಒಂದೇ ಕ್ಲಬ್, ಮನೆಯಲ್ಲಿ ಕೂಡಿ ವಿಚಾರ ಮಾಡಿ ತಿಳಿಸಿರಿ ಅಂದರು. ಕೂಡಿ ವಿಚಾರ ಮಾಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ ಅನ್ನುವುದು ಪಾಪ ಅವರಿಗೆ ಗೊತ್ತಿರಲಿಲ್ಲ.

ನಾಲ್ಕನೇ ಇಯತ್ತೆಯ ನಮ್ಮ ಶೈಲಶ್ರೀ ಗಾನಸರಸ್ವತಿ ಆಗಬೇಕೆಂಬುದು ನನ್ನ ಮಹದಾಕಾಂಕ್ಷೆ. (ದನಿಯಲ್ಲಿ ಅವಳು ನನ್ನನ್ನೇ ಹೋಲುತ್ತಾಳೆ. ಗಿರಣಿ ನಡೆಯುತ್ತಿದ್ದರೂ ನಮ್ಮ ಮಾತು ಬಾಜು ಓಣಿಗೆ ಕೇಳುತ್ತದೆ.) ನನ್ನ ಹೆಂಡತಿ ನಾಗರತ್ನಾಳಿಗೆ ಡ್ಯಾನ್ಸೇ ಆಗಬೇಕು. ಸಾಲಿಯ ವಾರ್ಷಿಕ ಗ್ಯಾದರಿಂಗಿನಲ್ಲಿ ಮಗಳು ಮುಂದಿನ ಸಾಲಿನಲ್ಲಿ ಕುಣಿಯುವುದನ್ನು ಆಗಲೇ ಕಣ್ಣಲ್ಲಿ ಕಂಡು, ಜರಿ ಲಂಗ ಹೊಲಿಯಲೂ ಕೊಟ್ಟು ಬಂದಿದ್ದಳು. ಮಗಳು ಮಾತ್ರ ತಟ್ಟೆಯಿಂದ ತಲೆ ಎತ್ತದೆ, ತಾನು ಖೋ-ಖೋ ಆಡುವವಳು ಅಂದಳು.

ಆಮೇಲೆ ಎರಡು ದಿನ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ. ಹಿಂದೆಂದೋ ಬಡಿದಿಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೂವರಿಗೂ ಮೂರು ಮೂಲೆ.

ಮೂರನೆಯ ದಿನ ನಾನು ಯಾರಿಗೂ ಹೇಳದೆ ಗಿರಣಿ ಬಂದ್ ಮಾಡಿ, ಮಗಳ ಹೆಸರು ಸಂಗೀತಕ್ಕೆ ಹಚ್ಚಿ ಬರಲು ಸಾಲಿಗೆ ಹೋದೆ. ಹೋಗಿ ನೋಡಿದರೆ ಟೀಚರ ಎದುರು ನಾಗರತ್ನಾ ನಿಂತಿದ್ದಳು. ಅವಳೂ ಯಾರಿಗೂ ಹೇಳದೆ ಬಂದವಳು. ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರ ಹಾಗೆ ನೋಡಿದೆವು. ನಂತರ ಟೀಚರ ಸಮಕ್ಷಮದಲ್ಲಿ ಸಂಗೀತ ಹೆಚ್ಚೋ ನೃತ್ಯ ಹೆಚ್ಚೋ ಎಂಬ ವಿದ್ವತ್ ಗೋಷ್ಠಿ ನಡೆಯಿತು. ಅದು ನನ್ನ ತಾಯಿಯ ಸ್ವಭಾವದಿಂದ ಹಾಯ್ದು ನಾಗರತ್ನಾಳ ತಮ್ಮನ ಮೋಟರ್ ಸೈಕಲ್ಲಿಗೆ ಬರುವ ಹೊತ್ತಿಗೆ ಶೈಲಶ್ರೀ ಓಡಿ ಬಂದಳು. ಜ್ವರ ಬಂದು ಒಬ್ಬ ಹುಡುಗಿ ಬಂದಿಲ್ಲ, ಆಟ ನಿಂತಿದೆ, ಪಪ್ಪಾ ನೀನು ಕೂತುಕೋ ಅಂದಳು.

ನನಗೆ ಮಿಂಚಿನಂಥ ಉಪಾಯ ಹೊಳೆಯಿತು. ಆಟ ಮುಗಿಯುವ ತನಕ ನಾನು ಆಡಿದರೆ ನಾಳೆಯಿಂದ ನೀನು ಸಂಗೀತಕ್ಕೆ ಹೋಗಬೇಕು ಅಂದೆ. ಮಗಳು ಒಪ್ಪಿದಳು. ಆಗಲಾದರೂ ನಾನು ಒಂದು ಕ್ಷಣ ಯೋಚಿಸುತ್ತಿದ್ದೆನೇನೋ. ಆದರೆ ನಾಗರತ್ನಾ ನನ್ನ ಹೊಟ್ಟೆಯನ್ನು ನೋಡಿ ತಣ್ಣಗೆ ಅಂದಳು, "ಬ್ಯಾಡ ಬಿಡ್ರಿ, ನಿಮಗ ಆಗಂಗಿಲ್ಲ."

ಇಷ್ಟಾದ ಮೇಲೆ ಯಾವ ಗಂಡಸು ನಿಲ್ಲುತ್ತಾನೆ? ಕೂತೆ.

ಖೋ-ಖೋದಲ್ಲಿ ಸಾಲಾಗಿ ಕುಕ್ಕರಗಾಲಿನಲ್ಲಿ ಕೂರಬೇಕು. ಬೆನ್ನಟ್ಟುವವರು ಹಿಂದಿನಿಂದ ಮುಟ್ಟಿ ಖೋ ಅಂದ ತಕ್ಷಣ ಎದ್ದು ಓಡಬೇಕು. ಕೂರುವ ಭಾಗ ನನಗೆ ಚೆನ್ನಾಗಿಯೇ ಬಂತು. ಎದುರು ಪಾರ್ಟಿಯಲ್ಲಿ ಕೊನೆಗೆ ಉಳಿದಿದ್ದ ಭೀಮೇಶ ಎಂಬ ಮೂರನೇ ಇಯತ್ತೆಯ ಪೋರ ಜಿಂಕೆಯ ಹಾಗೆ ಜಿಗಿಯುತ್ತಿದ್ದ. ಮಗಳು ನನ್ನ ಬೆನ್ನಿಗೆ ಬಡಿದು "ಖೋ" ಅಂದಳು. ನಾನು ಏಳಲಿಲ್ಲ. ಮನಸ್ಸು ಎದ್ದಿತ್ತು, ಹೊಟ್ಟೆ ಎದ್ದಿತ್ತು, ಮೊಣಕಾಲು ಮಾತ್ರ ಸಹಕರಿಸಲಿಲ್ಲ. ಮಗಳು ಮತ್ತೊಮ್ಮೆ ಖೋ ಅಂದಳು. ಆಟವೇ ನಿಂತಿತು.

"ಏಳ್ರಿ ಅಣ್ಣಾರ," ಅಂದರು ಟೀಚರ್.

"ಏಳಾಕ ಹತ್ತೇನ್ರಿ," ಅಂದೆ.

ಇಷ್ಟರಲ್ಲಿ ಭೀಮೇಶ ಓಡುವುದನ್ನು ಬಿಟ್ಟು ನನ್ನ ಮುಂದೆ ನಿಂತು ಹೊಟ್ಟೆ ಹಿಡಿದು ನಗತೊಡಗಿದ. ಶೈಲಶ್ರೀ ಸಿಟ್ಟಿನಿಂದ ಹಿಂದಿನಿಂದ ನೂಕಿದಳು. ಜೋಳದ ಚೀಲ ಉರುಳಿದ ಹಾಗೆ ಮುಂದಕ್ಕೆ ಉರುಳಿದೆ, ಕೈ ಹೋಗಿ ಭೀಮೇಶನ ಕಾಲಿಗೆ ತಗಲಿತು. ಎದ್ದು ಮುಟ್ಟಬೇಕು, ಬಿದ್ದು ಮುಟ್ಟಿದರೆ ನಡೆಯುವುದಿಲ್ಲ ಎಂದು ಅವನು ಬಹಳ ವಾದಿಸಿದ. ಟೀಚರ್ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಔಟ್ ಅಂದರು. ನಮ್ಮ ಪಾರ್ಟಿ ಗೆದ್ದಿತು.

ಆ ಕ್ಷಣದಲ್ಲಿ ನನಗೆ ಏನಾಯಿತೋ ತಿಳಿಯದು. ಮಕ್ಕಳೆಲ್ಲ "ಗಿರಣಿ ಕಾಕಾ, ಗಿರಣಿ ಕಾಕಾ" ಎಂದು ಸುತ್ತ ಕುಣಿಯುತ್ತಿದ್ದರು. ಜ್ವರದ ಹುಡುಗಿ ಗುಣವಾಗುವ ತನಕ ನೀವೇ ಬರ್ರಿ ಅಂದರು ಟೀಚರ್. ಸಂಗೀತದ ಕರಾರು ಮರೆತು ಹೂಂ ಅಂದುಬಿಟ್ಟೆ. ದಾರಿಯುದ್ದಕ್ಕೂ ನಾಗರತ್ನಾಳಿಗೆ ನನ್ನ ಆಟದ ತಂತ್ರ ವಿವರಿಸಿದೆ. ಅವಳು ದಾರಿಯಲ್ಲೇ ದರ್ಜಿಯ ಅಂಗಡಿಗೆ ಹೋಗಿ, ಲಂಗ ಬೇಡ, ಅದೇ ಬಟ್ಟೆಯಲ್ಲಿ ಗಿರಣಿಯ ಕುರ್ಚಿಗೆ ದಿಂಬಿನ ಚೀಲ ಹೊಲಿ ಅಂದಳು.

ಅಲ್ಲಿಂದ ಮುಂದೆ ದಿನಾ ಸಂಜೆ ನಾನು ಮೈದಾನದಲ್ಲಿ, ಅವಳು ಗಿರಣಿಯಲ್ಲಿ. ಕ್ಯಾಪ್ಟನ್ ನಮ್ಮ ಮಗಳು. ಅವಳು ಭಾಳ ಸ್ಟ್ರಿಕ್ಟು. ಕೂತಲ್ಲೇ ತೂಕಡಿಸಿದ್ದಕ್ಕೆ, ಭೀಮೇಶನಿಗೆ ಶೇಂಗಾ ಕೊಟ್ಟು ಮೆಲ್ಲಗೆ ಓಡು ಅಂದದ್ದಕ್ಕೆ ಅವಳ ದೂರಿನ ಮೇಲೆ ಟೀಚರ್ ನನ್ನನ್ನು ಎರಡು ಸಲ ಸಾಲಿನಿಂದ ಹೊರಗೆ ನಿಲ್ಲಿಸಿದರು. ಮೂರನೆಯ ಸಲ ಎಲ್ಲರ ಮುಂದೆ, ನಾಳೆ ಪಾಲಕರನ್ನು ಕರೆದುಕೊಂಡು ಬರ್ರಿ ಅಂದರು.

ನನ್ನ ಪಾಲಕರು ಅಂದರೆ ಇನ್ಯಾರು? ಮರುದಿನ ನಾಗರತ್ನಾ ಬಂದಳು, ಮೈತುಂಬ ಜೋಳದ ಹಿಟ್ಟು. ನಾನು ಬಾಜು ಕೈಕಟ್ಟಿ ನಿಂತೆ. ಟೀಚರ್ ನನ್ನ ಅಪರಾಧಗಳನ್ನೆಲ್ಲ ಹೇಳಿ ಮುಗಿಸಿದರು. ಅವಳು ನಿಟ್ಟುಸಿರು ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

"ಮನ್ಯಾಗೂ ಹಿಂಗ ಮಾಡ್ತಾರ್ರಿ ಟೀಚರ್," ಅಂದಳು, "ನಮ್ ಮಾತು ಒಟ್ಟ ಕೇಳಂಗಿಲ್ಲ. ನೀವ ಒಂದೀಟು ಬಡದು ಬುದ್ಧಿ ಹೇಳ್ರಿ."