ಧೂಳು ಹಿಡಿಯುವ ಅತ್ತಿಗೆ

ಧೂಳಿನ ಮೇಲೆ ಸಂಶೋಧನೆ ಮಾಡಿ ಡಾಕ್ಟರ್ ಅನ್ನಿಸಿಕೊಂಡ ನಮ್ಮ ಅತ್ತಿಗೆ ಕೈಯಲ್ಲಿ ಪೊರಕೆ ಹಿಡಿದದ್ದನ್ನು ನಾನಂತೂ ಕಂಡಿಲ್ಲ! ಅವರ ಕೋಣೆಯ ಕಪಾಟಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯಬಹುದಿತ್ತು. ಬರೆದರೆ ಮಾತ್ರ ರಂಪ. "ಯಾರೇ ಅದನ್ನ ಮುಟ್ಟಿದ್ದು? ದೀಪಾವಳಿಯಿಂದ ಕೂತಿರೋ ಧೂಳು ಅದು!" ಬೇರೆಯವರ ಮನೆಯಲ್ಲಿ ಉಪ್ಪಿನಕಾಯಿ ಜಾಡಿಗೆ ಸಿಗುವ ಮರ್ಯಾದೆ ನಮ್ಮ ಮನೆಯಲ್ಲಿ ಧೂಳಿಗೆ ಸಿಗುತ್ತಿತ್ತು.

ತೊಂಬತ್ತರ ದಶಕದ ಶುರುವಿನಲ್ಲಿ ಅಣ್ಣನನ್ನು ಮದುವೆಯಾಗಿ ಹಿನಕಲ್‌ನ ನಮ್ಮ ಮನೆಗೆ ಬಂದಾಗ ಅವರು ಎಂ.ಎಸ್ಸಿ. ಮುಗಿಸಿದ್ದರು. "ಇನ್ನೂ ಓದಮ್ಮ" ಎಂದವರು ಅಪ್ಪಾಜಿಯೇ. ನಮ್ಮದು ಊದುಬತ್ತಿ ಮಾಡಿ ಮಾರುವ ಮನೆ. ಹಿತ್ತಲಲ್ಲಿ ತಾತ ಕಟ್ಟಿಸಿದ ಶೆಡ್ಡು. ಪುಡಿ ಹಾರಿಹೋದೀತೆಂದು ಅದಕ್ಕೆ ಕಿಟಕಿಯನ್ನೇ ಇಟ್ಟಿರಲಿಲ್ಲ. ಒಳಗೆ ಅವ್ವ ಇದ್ದಿಲ ಪುಡಿ ಜರಡಿ ಹಿಡಿದು ಹಿಟ್ಟು ಕಲಸುತ್ತಿದ್ದರು, ಬೀದಿಯ ಹೆಂಗಸರು ಕೂತು ಕಡ್ಡಿ ಹೊಸೆಯುತ್ತಿದ್ದರು. ಆ ದುಡಿಮೆಯಲ್ಲೇ ಅತ್ತಿಗೆಯ ಓದು ನಡೆಯಿತು. "ನನ್ನ ಸೊಸೆ ಡಾಕ್ಟ್ರು" ಎಂದು ಅಪ್ಪಾಜಿ ಬೀಗಿದ್ದೇ ಬೀಗಿದ್ದು. ಅಕ್ಕಪಕ್ಕದವರು ಜ್ವರ, ಭೇದಿ ಎಂದು ಬಾಗಿಲು ತಟ್ಟಿದ ಮೇಲೆಯೇ ಊರಿಗೆ ತಿಳಿದದ್ದು, ಈ ಡಾಕ್ಟರು ನೋಡುವುದು ಗಾಳಿಯ ಕಾಯಿಲೆಯನ್ನು ಎಂದು!

ಅತ್ತಿಗೆಯ ಬಳಿ ಒಂದು ಕಬ್ಬಿಣದ ಡಬ್ಬವಿತ್ತು. ಸ್ವಿಚ್ ಹಾಕಿದರೆ ಅದು ಗುಂಯ್ ಎಂದು ಗಾಳಿ ಎಳೆಯುತ್ತಿತ್ತು. ಒಳಗಿಟ್ಟ ದುಂಡನೆಯ ಬಿಳಿ ಕಾಗದಕ್ಕೆ ಧೂಳು ಅಂಟುತ್ತಿತ್ತು. ಆ ಕಾಗದವನ್ನು ತೂಗಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ರಸ್ತೆಯ ಮಣ್ಣು, ಇದು ಲಾರಿಯ ಹೊಗೆ, ಇದು ಯಾರೋ ಎಲೆ ಸುಟ್ಟಿದ್ದು ಎಂದು ಹೇಳುತ್ತಿದ್ದರು. "ನೋಡು, ಇದು ಕಣ ಕಣೇ" ಎಂದು ನನಗೂ ತೋರಿಸುವರು. ಮೊದಲನೆಯ 'ಕಣ' ವಿಜ್ಞಾನದ್ದು, ಎರಡನೆಯದು ಮೈಸೂರಿನದು.

ಇದನ್ನೆಲ್ಲ ಮನೆಯೊಳಗೆ ಮಾಡಿದ್ದರೆ ನನಗೇನು ತೊಂದರೆ? ಆದರೆ ಗಾಳಿ ಇರುವುದು ಬೀದಿಯಲ್ಲಿ! ಹುಣಸೂರು ರಸ್ತೆಯ ಬಸ್ ಸ್ಟಾಪಿನಲ್ಲಿ ಸ್ಟೂಲು ಹಾಕಿ, ಕೊಡೆ ಬಿಡಿಸಿ, ಡಬ್ಬದ ಪಕ್ಕ ಕೂತುಬಿಡುತ್ತಿದ್ದರು. ನಾನು ಕಾಲೇಜಿಗೆ ಬಸ್ ಹತ್ತುತ್ತಿದ್ದದ್ದೂ ಅಲ್ಲೇ. ಗೆಳತಿಯೊಬ್ಬಳು, "ಯಾರೇ ಅದು, ಗಿಣಿಶಾಸ್ತ್ರದೋರಾ? ಗಿಣಿ ಕಾಣಿಸ್ತಿಲ್ವಲ್ಲ!" ಎಂದಳು. ನಾನು ಆಕಾಶ ನೋಡಿದೆ. ಅಷ್ಟರಲ್ಲಿ ಸ್ಟಾಪಿಗೆಲ್ಲ ಕೇಳುವಂತೆ ಕೂಗು: "ಏ ಪುಟ್ಟೀ, ಒಂಚೂರು ಈ ಡಬ್ಬ ನೋಡ್ಕೋ, ನಾನು ಆಟೋದೋರ ಹತ್ರ ಹೋಗ್ಬರ್ತೀನಿ!"

ಆಟೋದವರ ಹತ್ತಿರ ಹೋಗಿ ಮಾಡಿದ್ದೇನು ಗೊತ್ತೆ? ಬಗ್ಗಿ, ಒಂದು ಆಟೋದ ಸೈಲೆನ್ಸರಿನೊಳಗೆ ತಮ್ಮ ಬಿಳಿ ಕರ್ಚೀಫು ಹಾಕಿ ತಿರುವಿದರು!

"ಏನಮ್ಮೋ, ನನ್ ಗಾಡಿಗೆ ಮೂಗು ಒರೆಸ್ತಾ ಇದ್ದೀರಾ?" ಎಂದ ಚಾಲಕ.

"ಊಂ ಕಣಪ್ಪ, ನೆಗಡಿ ಜೋರಾಗಿದೆ. ಪೆಟ್ರೋಲ್‌ಗೆ ಸೀಮೆಎಣ್ಣೆ ಬೆರಸಿದ್ದೀಯ ತಾನೆ?"

ಸ್ಟಾಪಿಗೆ ಸ್ಟಾಪೇ ನಕ್ಕಿತು. ಗೆಳತಿಯರೆಲ್ಲ ಬಸ್ ಹತ್ತಿ ಹೋದರು. ಗುಂಯ್‌ಗುಡುವ ಡಬ್ಬಕ್ಕೆ ಕಾವಲಾಗಿ ನಾನೊಬ್ಬಳೇ ನಿಂತಿದ್ದೆ. ಭೂಮಿ ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಅತ್ತಿಗೆ ಅದರೊಳಗೂ ಒಂದು ಬಿಳಿ ಕಾಗದ ಇಳಿಬಿಡುತ್ತಿದ್ದರೋ ಏನೋ!

ರಾಮಕೃಷ್ಣನಗರದ ನೆಂಟರ ಗೃಹಪ್ರವೇಶದಲ್ಲಿ ಹೋಮಕುಂಡದ ಪಕ್ಕಕ್ಕೇ ಡಬ್ಬ ತಂದಿಟ್ಟರು. ಪುರೋಹಿತರು ಮಂತ್ರ ನಿಲ್ಲಿಸಿ, "ಇದೇನ್ ತಾಯಿ, ಮೈಕಾ?" ಎಂದರು. "ಅಲ್ಲ, ನಿಮ್ಮ ಶ್ವಾಸಕೋಶಕ್ಕೆ ಎಷ್ಟು ಹೋಗುತ್ತೆ ನೋಡೋಣ ಅಂತ" ಎಂದರು ಅತ್ತಿಗೆ. ಪುರೋಹಿತರು ಎಂದೂ ಇಲ್ಲದಷ್ಟು ಬೇಗ ಪೂರ್ಣಾಹುತಿ ಮುಗಿಸಿದರು. ನೆಂಟರು ಮಾತು ಬಿಟ್ಟರು. ದೇವರು ಅತ್ತಿಗೆಯ ಪಾಲಿನ ನಾಚಿಕೆಯನ್ನೂ ಸೇರಿಸಿ ನನಗೊಬ್ಬಳಿಗೇ ಕೊಟ್ಟುಬಿಟ್ಟಿದ್ದ ಅಂತ ಕಾಣುತ್ತದೆ.

ಇನ್ನು ನನ್ನನ್ನು ನೋಡಲು ಇಲವಾಲದಿಂದ ಗಂಡಿನವರು ಬಂದ ದಿನ! "ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಗಾಳಿ ಸುದ್ದಿ ಎತ್ತಬೇಡಿ" ಎಂದು ಬೇಡಿಕೊಂಡಿದ್ದೆ. "ಛೇ, ನಂಗೇನು ಅಷ್ಟೂ ಗೊತ್ತಾಗಲ್ವಾ?" ಎಂದರು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನಡುಮನೆಗೆ ಬರುವಷ್ಟರಲ್ಲಿ ಗಂಡಿನ ತಂದೆ ಒಮ್ಮೆ ಕೆಮ್ಮಿದರು. ಅಷ್ಟೇ!

"ಬೀಡಿನಾ, ಸಿಗರೇಟಾ?" ಎಂದರು ಅತ್ತಿಗೆ.

ಗಂಡಿನ ತಾಯಿಗೆ ಮುಖ ಕೆಂಪಾಯಿತು. "ನಮ್ಮನೆಯೋರು ಅದನ್ನೆಲ್ಲ ಬುಟ್ಟು ಎಷ್ಟೋ ವರ್ಷ ಆಯ್ತು ಕಣಮ್ಮ."

ಅತ್ತಿಗೆ ಬಗ್ಗಿ ಆ ಹಿರಿಯರ ಶಾಲು ಮೂಸಿದರು! ಹೌದು, ಮೂಸಿದರು! "ಬುಟ್ಟಿಲ್ಲ ಬುಡಿ. ಇವತ್ತು ಬೆಳಿಗ್ಗೇನೂ ಸೇದಿದ್ದಾರೆ."

ನಾನು ತಟ್ಟೆಯನ್ನು ಅಲ್ಲೇ ಇಟ್ಟು ಅಡುಗೆಮನೆಗೆ ಓಡಿ ಗೋಡೆಗೆ ಮುಖ ಮಾಡಿ ನಿಂತೆ. ಈ ಸಂಬಂಧ ಮುರಿಯಿತು ಎಂದು ಎಲ್ಲರೂ ಕೈ ತೊಳೆದುಕೊಂಡರು. ಸಂಜೆ ಇಲವಾಲದಿಂದ ಫೋನು. ಗಂಡಿನ ತಾಯಿ ಹೇಳಿದ್ದು ಒಂದೇ ಮಾತು: "ಹೆಣ್ಣು ಒಪ್ಪಿಗೆ. ಅವರತ್ತಿಗೆ ಆಗಾಗ ಬಂದು ಹೋಗ್ತಿರಬೇಕು!"

ಹೀಗೆ ಊರಿಗೆಲ್ಲ ಹೆದರದ ಅತ್ತಿಗೆ ಅಪ್ಪಾಜಿಯ ಎದುರು ಮಾತ್ರ ಸೆರಗು ತಲೆಗೇರಿಸಿ ಗೋಡೆಯತ್ತ ಸರಿದು ನಿಲ್ಲುತ್ತಿದ್ದರು. ಮುಖ ಕೊಟ್ಟು ಮಾತಾಡಿದ್ದನ್ನು ನಾವು ಕಂಡಿಲ್ಲ. ಅವರದು ಹಳೆಯ ಕಾಲದ ಮನೆತನ, ಅದಕ್ಕೇ ಇಷ್ಟು ಮರ್ಯಾದೆ ಎಂದುಕೊಂಡಿದ್ದೆವು.

ನನ್ನ ಮದುವೆಯಾಗಿ ಕೆಲವು ವರ್ಷಗಳಿಗೆ, ಎರಡು ಸಾವಿರದ ಇಸವಿ ದಾಟಿದ ಮೇಲೆ, ಅವ್ವನಿಗೆ ಕೆಮ್ಮು ಹಿಡಿಯಿತು. ಶುಂಠಿ ಕಷಾಯಕ್ಕೆ ಬಗ್ಗಲಿಲ್ಲ. ಮೆಟ್ಟಿಲು ಹತ್ತಿದರೆ ಉಸಿರು ಸಾಲದಾಯಿತು. ಕೊನೆಗೆ ಆಸ್ಪತ್ರೆಗೆ ಸೇರಿಸಿದೆವು. ವೈದ್ಯರು ಎಕ್ಸ್‌ರೇ ಬೆಳಕಿಗೆ ಹಿಡಿದು ಕೇಳಿದರು: "ಇವರು ಏನು ಕೆಲಸ ಮಾಡ್ತಾರೆ? ವರ್ಷಗಟ್ಟಲೆ ಸಣ್ಣ ಪುಡಿ ಎಳಕೊಂಡಿದ್ದಾರಲ್ಲ. ಹೋಗಿರೋದು ವಾಪಸ್ ಬರಲ್ಲ. ಇನ್ಮೇಲೆ ಹೋಗದೇ ಇದ್ರೆ ಹೇಗೋ ನಿಭಾಯಿಸಬಹುದು."

ಅಪ್ಪಾಜಿ ಅತ್ತಿಗೆಯ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತೇನಮ್ಮ?"

ಅತ್ತಿಗೆ ತಲೆ ತಗ್ಗಿಸಿದರು. "ಗೊತ್ತಿತ್ತು ಮಾವ. ಹೇಳೋಕೆ ನಾಚಿಕೆಯಾಯ್ತು. ಆ ಶೆಡ್ಡಿನ ಅನ್ನ ತಿಂದು ಓದಿದೋಳು ನಾನು. ಅದರೊಳಗೇ ಮಿಷಿನ್ ಇಟ್ಟು ನಿಮ್ಮ ಕಸುಬು ಕೆಟ್ಟದ್ದು ಅಂತ ಯಾವ ಬಾಯಲ್ಲಿ ಹೇಳಲಿ? ಊರೆಲ್ಲಾ ಅಳೆದೆ ಮಾವ. ಅದೊಂದನ್ನ ಬುಟ್ಟು."

ನಾಚಿಕೆಯೇ ಇಲ್ಲದ ಹೆಂಗಸು ಎಂದು ನಾನು ಅಂದುಕೊಂಡಿದ್ದವರು, ಅವ್ವನ ಮಂಚದ ಕಂಬಿ ಹಿಡಿದು ಮಗುವಿನಂತೆ ಅಳತೊಡಗಿದರು. ಅಪ್ಪಾಜಿ ನೆಲ ನೋಡುತ್ತಿದ್ದರು. ನಾನೂ ಅದೇ ಪುಡಿಯ ನಡುವೆ ಆಡಿ ಬೆಳೆದವಳೇ.

ಅವ್ವ ಮೂಗಿನ ಮೇಲಿದ್ದ ಆಕ್ಸಿಜನ್ ಮುಸುಕನ್ನು ಸರಿಸಿದರು. ಉಸಿರು ಎಳೆದೆಳೆದು ಹೇಳಿದರು: "ಅಳಬ್ಯಾಡ ಕಣಮ್ಮ... ಅಳೆ."

ಅತ್ತಿಗೆ ಮರುದಿನವೇ ಶೆಡ್ಡಿನಲ್ಲಿ ಡಬ್ಬ ಇಟ್ಟು ಅಳೆದರು. ಬಿಳಿ ಕಾಗದ ಹೊರಗೆ ಬಂದಾಗ ಬಾಣಲೆಯ ತಳದಂತಿತ್ತು. ಅದನ್ನು ಅಪ್ಪಾಜಿಯ ಮುಂದೆ ಹಿಡಿದರು. ಅಪ್ಪಾಜಿ ಹೆಂಗಸರನ್ನೆಲ್ಲ ಜಗಲಿಗೆ ಕಳಿಸಿ, ಪಂಚೆ ಎತ್ತಿ ಕಟ್ಟಿ, ಹಾರೆ ಹಿಡಿದು, ತಮ್ಮ ತಂದೆ ಕಟ್ಟಿಸಿದ ಗೋಡೆಗೆ ಕಿಟಕಿ ಒಡೆಯಲು ನಿಂತರು. ಮೊದಲ ಏಟಿಗೇ ಹಳೆಯ ಗಾರೆಯೆಲ್ಲ ಹೊಗೆಯಂತೆ ಎದ್ದಿತು.

"ಮಾವಾ, ನಿಲ್ಲಿ!" ಅತ್ತಿಗೆ ಓಡಿಬಂದರು. ತಲೆಯ ಮೇಲಿನ ಸೆರಗು ಎಲ್ಲೋ ಜಾರಿತ್ತು. ಕೈಯಲ್ಲೊಂದು ಒದ್ದೆ ಬಟ್ಟೆ. "ಮೂಗಿಗೆ ಕಟ್ಕೋಬೇಕು."

ಅಪ್ಪಾಜಿಯ ಎರಡು ಕೈಯಲ್ಲೂ ಹಾರೆಯಿತ್ತು. ಅದನ್ನು ಕೆಳಗಿಡಬಹುದಿತ್ತು. ಇಡಲಿಲ್ಲ. ಸೊಸೆಗೆ ಎಟುಕುವಂತೆ ತಲೆ ಬಗ್ಗಿಸಿ, ಅವರು ಗಂಟು ಹಾಕಿ ಮುಗಿಸುವವರೆಗೂ ಹಾಗೇ ನಿಂತಿದ್ದರು.